ನಾಯಿ ಕಚ್ಚಿದ ದಿನದಿಂದ 28ನೇ ದಿನದವರೆಗೆ: ಏನು ಮಾಡಬೇಕು, ಮೈಯೊಳಗೆ ಏನು ನಡೆಯುತ್ತದೆ

ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ರೋಗಿಯನ್ನು ಉಳಿಸಿಕೊಳ್ಳುವ ಚಿಕಿತ್ಸೆ ಇಲ್ಲ. ಅದೇ ಕಚ್ಚಿದ ದಿನವೇ ಗಾಯ ತೊಳೆದು, ಸೀರಮ್ (ವೈರಸ್ಸನ್ನು ತಡೆಯುವ ಸಿದ್ಧ ಪ್ರೋಟೀನುಗಳ ಚುಚ್ಚುಮದ್ದು) ಮತ್ತು ಲಸಿಕೆ ಎರಡನ್ನೂ ಸರಿಯಾಗಿ ಪಡೆದರೆ ರೋಗ ಬರದಂತೆ ತಡೆಯಬಹುದು. ಚಿಕಿತ್ಸೆ ಪಡೆದೂ ತೀರಿಕೊಂಡವರ ವಿವರ ಕೆದಕಿದರೆ ಬಹುತೇಕ ಸಲ ಎಲ್ಲೋ ಒಂದು ಹೆಜ್ಜೆ ತಪ್ಪಿರುತ್ತದೆ: ಗಾಯ ತೊಳೆದಿರುವುದಿಲ್ಲ, ಸೀರಮ್ ಹಾಕಿರುವುದಿಲ್ಲ, ಹಾಕಿದ್ದರೂ ತಲೆಗೂದಲ ಮರೆಯಲ್ಲಿದ್ದ ಒಂದು ಗಾಯ ಬಿಟ್ಟುಹೋಗಿರುತ್ತದೆ, ಇಲ್ಲವೇ ಬರುವಾಗಲೇ ತಡವಾಗಿರುತ್ತದೆ.

ಈ ಚಿಕಿತ್ಸೆಯಲ್ಲಿ ಎಲ್ಲವೂ ಒಂದು ಲೆಕ್ಕದ ಮೇಲೆ ನಿಂತಿದೆ. ಲಸಿಕೆಯ ಮೊದಲ ಡೋಸ್ ಬಿದ್ದ ಮೇಲೆ ರಕ್ತದಲ್ಲಿ ಸಾಕಷ್ಟು ಪ್ರತಿಕಾಯ, ಅಂದರೆ ವೈರಸ್ಸಿಗೆ ಅಂಟಿ ಅದನ್ನು ತಡೆಯುವ ಪ್ರೋಟೀನು, ತಯಾರಾಗಲು 7ರಿಂದ 14 ದಿನ ಬೇಕು. ದುಡ್ಡು ಕೊಟ್ಟರೂ, ದೊಡ್ಡ ಆಸ್ಪತ್ರೆಗೆ ಹೋದರೂ ಈ ಅವಧಿ ಕಡಿಮೆಯಾಗುವುದಿಲ್ಲ. ವೈರಸ್ ಮಾತ್ರ ಕಾಯುವುದಿಲ್ಲ. ಆ ನಡುವಿನ ದಿನಗಳನ್ನು ದಾಟಿಸುವುದಕ್ಕೆ ಸೋಪು ಮತ್ತು ಸೀರಮ್, ಆಮೇಲಿನ ದಿನಗಳಿಗೆ ಲಸಿಕೆ. ಇದು ಮನಸ್ಸಿಗೆ ಬಂದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ.

ಮೊದಲ 15 ನಿಮಿಷ

ಆಸ್ಪತ್ರೆಗೆ ಹೊರಡುವ ಮೊದಲೇ ಗಾಯವನ್ನು ಹರಿಯುವ ನಲ್ಲಿ ನೀರಿನ ಕೆಳಗೆ ಹಿಡಿದು, ಸೋಪು ಹಚ್ಚಿ, ಪೂರ್ತಿ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿಕೊಂಡೇ ತೊಳೆಯಿರಿ. ಗಾಬರಿಯಲ್ಲಿ ಎರಡು ನಿಮಿಷವೇ ಹದಿನೈದರಂತೆ ಅನಿಸುತ್ತದೆ. ಬಟ್ಟೆ ಒಗೆಯುವ ಸೋಪಾದರೂ ಆದೀತು, ಮೈಗೆ ಹಚ್ಚುವುದಾದರೂ ಆದೀತು. ರೇಬೀಸ್ ವೈರಸ್ಸಿನ ಹೊರಕವಚ ಕೊಬ್ಬಿನಿಂದಾದದ್ದು. ಸೋಪು ಆ ಕೊಬ್ಬನ್ನು ಕರಗಿಸುತ್ತದೆ, ಕವಚ ಹರಿದ ವೈರಸ್ಸು ಜೀವಕೋಶಕ್ಕೆ ಅಂಟಿಕೊಳ್ಳಲಾರದು. ಹರಿಯುವ ನೀರು ಉಳಿದ ಜೊಲ್ಲನ್ನು ಕೊಚ್ಚಿಕೊಂಡು ಹೋಗುತ್ತದೆ. ಹಲ್ಲು ಆಳಕ್ಕೆ ಇಳಿದಿದ್ದರೆ ಗಾಯದ ಬಾಯನ್ನು ಸ್ವಲ್ಪ ಅಗಲಿಸಿ ಒಳಗೂ ನೀರು ಹೋಗುವಂತೆ ಮಾಡಿ. ಆಮೇಲೆ ಪೊವಿಡೋನ್ ಅಯೋಡಿನ್ ಎಂಬ ನಂಜುನಿರೋಧಕ ಔಷಧಿ ಹಚ್ಚಿ.

ಸುಣ್ಣ, ಮೆಣಸಿನ ಪುಡಿ, ಅರಿಶಿನ, ಸೀಮೆಎಣ್ಣೆ, ಸೊಪ್ಪಿನ ರಸ, ಇವು ಯಾವುದೂ ಬೇಡ. ಇವು ಅಂಗಾಂಶವನ್ನು ಸುಟ್ಟು ಕೆರಳಿಸುತ್ತವೆ, ಗಾಯವನ್ನು ಕೊಳಕು ಮಾಡುತ್ತವೆ. ಬಿಗಿಯಾಗಿ ಬಟ್ಟೆ ಕಟ್ಟಬೇಡಿ. ಹೊಲಿಗೆಗೂ ಆತುರ ಬೇಡ: ಸೂಜಿ ಆಡಿಸಿದಷ್ಟೂ ವೈರಸ್ಸು ಹೊಸ ನರತುದಿಗಳಿಗೆ ತಾಗುವ ಸಾಧ್ಯತೆ ಇದೆ. ಮುಖದ ಗಾಯದಂಥ ಕಡೆ ಹೊಲಿಯಲೇಬೇಕಾದರೆ ಸೀರಮ್ ಹಾಕಿ, ಅದು ಹರಡಲು ಕೆಲವು ಗಂಟೆ ಬಿಟ್ಟು, ಸಡಿಲವಾಗಿ ಕೆಲವೇ ಹೊಲಿಗೆ ಹಾಕುತ್ತಾರೆ. ಮನೆಯಲ್ಲಿ ತೊಳೆದಿದ್ದರೂ ಆಸ್ಪತ್ರೆಯಲ್ಲಿ ಇನ್ನೊಮ್ಮೆ ತೊಳೆಸಿಕೊಳ್ಳಿ. ಕಚ್ಚಿ ಎರಡು ದಿನವಾಗಿದ್ದರೂ ತೊಳೆಯುವುದನ್ನು ಬಿಡಬೇಡಿ.

ಗಾಯ ಯಾವ ದರ್ಜೆಯದು

ಡಾಕ್ಟರು ಗಾಯವನ್ನು ಮೂರು ದರ್ಜೆಗಳಲ್ಲಿ ಒಂದಕ್ಕೆ ಸೇರಿಸುತ್ತಾರೆ. ಚೀಟಿಯಲ್ಲಿ ಯಾವ ದರ್ಜೆ ಬರೆದಿದ್ದಾರೆ ಎಂದು ನೀವೂ ನೋಡಿಕೊಳ್ಳಿ, ಯಾಕೆಂದರೆ ಸೀರಮ್ ಸಿಗುತ್ತದೋ ಇಲ್ಲವೋ ಎನ್ನುವುದು ಅದರ ಮೇಲೆಯೇ ನಿಂತಿದೆ.

ಪ್ರಾಣಿಯನ್ನು ಮುಟ್ಟಿದ್ದು, ಊಟ ಹಾಕಿದ್ದು, ಗಾಯವಿಲ್ಲದ ಚರ್ಮವನ್ನು ಅದು ನೆಕ್ಕಿದ್ದು ಒಂದನೇ ದರ್ಜೆ, ತೊಳೆದುಕೊಂಡರೆ ಸಾಕು. ರಕ್ತ ಬಾರದ ತರಚುಗಾಯ, ಬರೀ ಚರ್ಮವನ್ನು ಮೆಲ್ಲಗೆ ಕಡಿದದ್ದು ಎರಡನೇ ದರ್ಜೆ. ತೊಳೆಯುವುದರ ಜತೆ ಲಸಿಕೆ. ಚರ್ಮ ತೂರಿದ ಕಡಿತ ಅಥವಾ ಪರಚು, ಮೊದಲೇ ಇದ್ದ ಗಾಯದ ಮೇಲೆ ನೆಕ್ಕಿದ್ದು, ಕಣ್ಣು ಬಾಯಿಗಳ ಒಳಪೊರೆಗೆ ಜೊಲ್ಲು ತಾಗಿದ್ದು ಮೂರನೇ ದರ್ಜೆ. ಲಸಿಕೆಯೂ ಬೇಕು, ಸೀರಮ್ಮೂ ಬೇಕು. ಒಂದು ಹನಿ ರಕ್ತ ಕಂಡರೂ ಅದು ಮೂರನೆಯದೇ. ರಕ್ತ ಬಂತೋ ಇಲ್ಲವೋ ಎಂಬ ಅನುಮಾನವಿದ್ದರೆ ಗಾಯದ ಮೇಲೆ ಸ್ಪಿರಿಟ್ ಹತ್ತಿ ಇಟ್ಟು ನೋಡುವುದುಂಟು. ಉರಿದರೆ ಚರ್ಮ ಒಡೆದಿದೆ ಎಂದರ್ಥ. ಮಕ್ಕಳು ಬೈಗುಳಕ್ಕೆ ಹೆದರಿ ಗಾಯ ಮುಚ್ಚಿಡುತ್ತಾರೆ. ಆದ್ದರಿಂದ ಬಟ್ಟೆ ಬಿಚ್ಚಿಸಿ, ನೆತ್ತಿಯಿಂದ ಅಂಗಾಲಿನವರೆಗೆ, ಬೆರಳ ಸಂದಿ, ಕಿವಿಯ ಹಿಂದೆ ಎಲ್ಲವನ್ನೂ ನೋಡಿ, ಒಂದೊಂದು ಗಾಯವನ್ನೂ ಎಣಿಸಿ ಬರೆದುಕೊಳ್ಳಿ. ಈ ಪಟ್ಟಿ ಸೀರಮ್ ಹಾಕುವಾಗ ಬೇಕಾಗುತ್ತದೆ.

ಮೈ ತಾನಾಗಿ ಯಾಕೆ ಎಚ್ಚರಗೊಳ್ಳುವುದಿಲ್ಲ

ಶೀತ ಜ್ವರದ ವೈರಸ್ಸು ಬಂದರೆ ದೇಹ ಒಂದೆರಡು ವಾರದಲ್ಲಿ ತಾನೇ ಪ್ರತಿಕಾಯ ಮಾಡಿಕೊಂಡು ಗುಣವಾಗುತ್ತದೆ. ರೇಬೀಸಿನಲ್ಲಿ ಹಾಗಾಗುವುದಿಲ್ಲ. ಕಚ್ಚಿದಾಗ ಒಳಗೆ ಹೋಗುವ ವೈರಸ್ಸಿನ ಪ್ರಮಾಣ ತೀರಾ ಕಡಿಮೆ. ಅದು ಸ್ನಾಯುವಿನಲ್ಲಿ ಸ್ವಲ್ಪ ಕಾಲ ಸದ್ದಿಲ್ಲದೆ ಇದ್ದು, ನರ ಮತ್ತು ಸ್ನಾಯು ಸೇರುವ ಜಾಗದಲ್ಲಿ ನರತುದಿಯೊಳಗೆ ನುಸುಳಿಬಿಡುತ್ತದೆ. ರೋಗನಿರೋಧಕ ಕೋಶಗಳು ಸುತ್ತಾಡುವುದು ರಕ್ತ ಮತ್ತು ದುಗ್ಧರಸದಲ್ಲಿ. ನರಕೋಶದ ಒಳಗಿರುವುದು ಅವುಗಳ ಕಣ್ಣಿಗೆ ಬೀಳುವುದಿಲ್ಲ. ಸಾಲದ್ದಕ್ಕೆ ವೈರಸ್ಸಿನ ಪಿ ಎಂಬ ಪ್ರೋಟೀನು, ಸೋಂಕು ತಗುಲಿದ ಕೋಶ ಹೊರಡಿಸಬೇಕಾದ ಇಂಟರ್‌ಫೆರಾನ್ ಎಂಬ ಎಚ್ಚರಿಕೆಯನ್ನೇ ಅಡಗಿಸುತ್ತದೆ.

ನರದ ಗುಂಟ ಅದು ಮಿದುಳಿನ ಕಡೆ ಏರುತ್ತದೆ. ಕಚ್ಚಿದ ದಿನದಿಂದ ಲಕ್ಷಣ ಕಾಣುವವರೆಗೆ ಸಾಮಾನ್ಯವಾಗಿ 2ರಿಂದ 3 ತಿಂಗಳು, ಕೆಲವರಲ್ಲಿ ಒಂದೇ ವಾರ, ಕೆಲವರಲ್ಲಿ ಒಂದು ವರ್ಷ. ಮುಖ, ಕತ್ತು, ತಲೆಯ ಗಾಯದಲ್ಲಿ ದಾರಿ ಗಿಡ್ಡ. ಬೆರಳ ತುದಿಗಳಲ್ಲಿ ನರತುದಿಗಳು ದಟ್ಟ. ಹೀಗಾಗಿ ಆ ಜಾಗಗಳ ಕಡಿತಕ್ಕೆ ಒಂದು ಗಂಟೆಯನ್ನೂ ಕಳೆಯಬಾರದು. ಮಕ್ಕಳು ಗಿಡ್ಡ, ನಾಯಿ ಹಾರಿದರೆ ಅವರ ಮುಖಕ್ಕೇ ಸಿಗುತ್ತದೆ.

ವೈರಸ್ಸು ಮಿದುಳು ಸೇರಿ ಅಲ್ಲಿ ಹೆಚ್ಚಿದ ಮೇಲೆ ಪ್ರತಿಕಾಯ ಹುಟ್ಟಿದರೂ ಮಿದುಳಿನ ರಕ್ತನಾಳಗಳ ತಡೆಯನ್ನು ದಾಟಿ ಬೇಕಾದಷ್ಟು ಒಳಗೆ ಹೋಗಲಾರದು. ಲಸಿಕೆಗೆ ಒಂದು ಗಡುವು ಇರುವುದು ಇದಕ್ಕೇ.

ಲಸಿಕೆ ತೋಳಿಗೆ ಬಿದ್ದ ಮೇಲೆ

ಲಸಿಕೆಯಲ್ಲಿರುವುದು ಕೊಂದ ವೈರಸ್ಸು. ವೆರೋ ಎಂಬ ಕೋತಿಯ ಮೂತ್ರಪಿಂಡದ ಕೋಶಗಳಲ್ಲಿ ಅಥವಾ ಕೋಳಿಮರಿಯ ಭ್ರೂಣದ ಕೋಶಗಳಲ್ಲಿ ಬೆಳೆಸಿ, ಬೀಟಾ ಪ್ರೊಪಿಯೊಲ್ಯಾಕ್ಟೋನ್ ಎಂಬ ರಾಸಾಯನಿಕದಿಂದ ಅದರ ಆರ್‌ಎನ್‌ಎಯನ್ನು ಕೆಡಿಸಿರುತ್ತಾರೆ. ಅದು ಮತ್ತೆ ಮರಿಹಾಕಲಾರದು. ಆದರೆ ಮೇಲ್ಮೈಯಲ್ಲಿ ಚುಚ್ಚಿಕೊಂಡಿರುವ ಜಿ ಪ್ರೋಟೀನಿನ ಆಕಾರ ಹಾಗೆಯೇ ಉಳಿದಿರುತ್ತದೆ. ನಮಗೆ ಬೇಕಾದ ಪ್ರತಿಜನಕ, ಅಂದರೆ ದೇಹ ಹೊರಗಿನದೆಂದು ಗುರುತಿಸುವ ಭಾಗ, ಇದೇ. ವೈರಸ್ಸು ನರಕೋಶಕ್ಕೆ ಅಂಟಿಕೊಳ್ಳುವುದು ಈ ಜಿ ಪ್ರೋಟೀನಿನಿಂದ; ಇದರ ಮೇಲೆ ಪ್ರತಿಕಾಯ ಕೂತರೆ ಅಂಟುವುದೇ ಆಗುವುದಿಲ್ಲ.

ಮೊದಲ ಒಂದೆರಡು ದಿನ: ಚುಚ್ಚಿದ ಜಾಗದಲ್ಲಿ ಡೆಂಡ್ರಿಟಿಕ್ ಕೋಶಗಳೆಂಬ ಕೊಂಬೆಕೊಂಬೆಯಾದ ಕೋಶಗಳು ವೈರಸ್ ಕಣಗಳನ್ನು ನುಂಗುತ್ತವೆ. ಒಳಗೆ ಅವುಗಳ ಪ್ರೋಟೀನನ್ನು ಕತ್ತರಿಸಿ, ಸುಮಾರು 13ರಿಂದ 25 ಅಮೈನೊ ಆಮ್ಲಗಳ ತುಣುಕುಗಳನ್ನಾಗಿ ಮಾಡಿ, ಎರಡನೇ ವರ್ಗದ ಎಂಎಚ್‌ಸಿ ಎಂಬ ಅಣುವಿನ ಮೇಲಿಟ್ಟು ತಮ್ಮ ಮೈಮೇಲೆ ತೋರಿಸುತ್ತವೆ. ಹಾಗೆ ತೋರಿಸುತ್ತಲೇ ದುಗ್ಧನಾಳದಲ್ಲಿ ಸಾಗಿ ಕಂಕುಳಿನ ದುಗ್ಧಗ್ರಂಥಿ ಸೇರುತ್ತವೆ. ಲಸಿಕೆಯ ನಂತರ ಕೆಲವರಿಗೆ ಕಂಕುಳಲ್ಲಿ ಗಡ್ಡೆ ಕಟ್ಟಿದಂತಾಗಿ ನೋಯುವುದು ಈ ಕೆಲಸದ ಗುರುತು. ಒಂದೆರಡು ವಾರದಲ್ಲಿ ತಾನಾಗಿ ಇಳಿಯುತ್ತದೆ.

ಗ್ರಂಥಿಯಲ್ಲಿ ಆಗಬೇಕಾದದ್ದು ಹುಡುಕಾಟ. ನಮ್ಮ ಒಂದೊಂದು ಟಿ ಕೋಶಕ್ಕೂ (ಇದು ಒಂದು ಬಗೆಯ ರೋಗನಿರೋಧಕ ಬಿಳಿ ರಕ್ತಕಣ) ಒಂದೊಂದು ಬಗೆಯ ಗ್ರಾಹಕ, ಅಂದರೆ ತುಣುಕನ್ನು ಗುರುತಿಸುವ ಅಣು, ಇರುತ್ತದೆ. ಹುಟ್ಟುವಾಗಲೇ ಜೀನ್ ತುಣುಕುಗಳನ್ನು ಬೇರೆಬೇರೆ ರೀತಿ ಜೋಡಿಸಿಕೊಂಡು ಅವು ಈ ವೈವಿಧ್ಯ ಪಡೆದಿರುತ್ತವೆ. ಪ್ರತಿಕಾಯದ ಜೀನುಗಳಲ್ಲಿ ಇಂಥ ಜೋಡಣೆ ನಡೆಯುತ್ತದೆಂದು ತೋರಿಸಿಕೊಟ್ಟ ಸುಸುಮು ಟೊನೆಗಾವ ಅವರಿಗೆ 1987ರಲ್ಲಿ ನೊಬೆಲ್ ಬಂತು. ರೇಬೀಸಿನ ಒಂದು ನಿರ್ದಿಷ್ಟ ತುಣುಕನ್ನು ಗುರುತಿಸಬಲ್ಲ ಟಿ ಕೋಶ ಲಕ್ಷಕ್ಕೊಂದೋ, ಹತ್ತು ಲಕ್ಷಕ್ಕೊಂದೋ. ರಕ್ತದಿಂದ ಟಿ ಕೋಶಗಳು ಗ್ರಂಥಿಯೊಳಕ್ಕೆ ಬಂದು, ಡೆಂಡ್ರಿಟಿಕ್ ಕೋಶಗಳನ್ನು ಒಂದೊಂದಾಗಿ ತಡವಿ, ಹೊಂದದಿದ್ದರೆ ಸುಮಾರು ಒಂದು ದಿನದೊಳಗೆ ಹೊರಟುಹೋಗುತ್ತವೆ. ಹೊಂದಿದ ಕೋಶ ಅಲ್ಲೇ ನಿಲ್ಲುತ್ತದೆ.

ನಿಂತರಷ್ಟೇ ಸಾಲದು. ತುಣುಕು ಹೊಂದಿದ್ದು ಮೊದಲ ಸಂಕೇತ. ಡೆಂಡ್ರಿಟಿಕ್ ಕೋಶದ ಮೇಲಿನ ಬಿ7 ಅಣು ಟಿ ಕೋಶದ ಸಿಡಿ28ಕ್ಕೆ ತಾಗುವುದು ಎರಡನೆಯದು. ಡೆಂಡ್ರಿಟಿಕ್ ಕೋಶ ಅಪಾಯದ ಸುಳಿವು ಕಂಡಾಗಲೇ ಬಿ7ಅನ್ನು ಹೆಚ್ಚಾಗಿ ಹೊರಗಿಡುತ್ತದೆ. ಎರಡೂ ಸಿಕ್ಕಿದರೆ ಟಿ ಕೋಶ ಒಡೆದು ಎರಡು, ನಾಲ್ಕು, ಎಂಟು ಎಂದು ಹೆಚ್ಚುತ್ತಾ ಕೆಲವು ದಿನಗಳಲ್ಲಿ ಸಾವಿರಾರು ಆಗುತ್ತದೆ. ಮೊದಲನೆಯದು ಮಾತ್ರ ಸಿಕ್ಕಿದರೆ ಅದು ನಿಷ್ಕ್ರಿಯವಾಗುತ್ತದೆ. ನಮ್ಮದೇ ಮೈಯ ಪ್ರೋಟೀನುಗಳ ಮೇಲೆ ದಾಳಿ ನಡೆಯದಂತೆ ಕಾಯುವ ಏರ್ಪಾಡುಗಳಲ್ಲಿ ಇದೂ ಒಂದು.

ಇತ್ತ ಪ್ರತಿಕಾಯ ತಯಾರಿಸುವ ಬಿ ಕೋಶಗಳು ಪ್ರತಿಜನಕವನ್ನು ಬೇರೆಯೇ ರೀತಿಯಲ್ಲಿ ಗುರುತಿಸುತ್ತವೆ. ಟಿ ಕೋಶಕ್ಕೆ ಕತ್ತರಿಸಿದ ತುಣುಕು, ಅದೂ ಎಂಎಚ್‌ಸಿ ಮೇಲೆ ಇಟ್ಟದ್ದೇ ಬೇಕು. ಬಿ ಕೋಶ ಕತ್ತರಿಸದ ಜಿ ಪ್ರೋಟೀನಿನ ಆಕಾರವನ್ನೇ ನೇರವಾಗಿ ಹಿಡಿಯುತ್ತದೆ. ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇಡಿ ಎಂದು ಅಷ್ಟು ಒತ್ತಿ ಹೇಳುವುದಕ್ಕೆ ಇದು ಮುಖ್ಯ ಕಾರಣ. ಬಿಸಿ ತಾಗಿ ಪ್ರೋಟೀನಿನ ಮಡಿಕೆ ಬಿಚ್ಚಿದರೆ ತುಣುಕುಗಳು ಉಳಿಯುತ್ತವೆ, ಆಕಾರ ಉಳಿಯುವುದಿಲ್ಲ. ಆಗ ಹುಟ್ಟುವ ಪ್ರತಿಕಾಯ ನಿಜವಾದ ವೈರಸ್ಸಿನ ಮೇಲೆ ಸರಿಯಾಗಿ ಕೂರುವುದಿಲ್ಲ.

ಜಿ ಪ್ರೋಟೀನು ಹಿಡಿದ ಬಿ ಕೋಶ ಇಡೀ ವೈರಸ್ ಕಣವನ್ನೇ ಒಳಗೆಳೆದುಕೊಂಡು, ಅದರ ತುಣುಕುಗಳನ್ನು ತನ್ನ ಎಂಎಚ್‌ಸಿ ಮೇಲೆ ತೋರಿಸಿ ಟಿ ಕೋಶದ ಸಹಾಯ ಬೇಡುತ್ತದೆ. ಕಣದೊಳಗಿನ ಎನ್ ಪ್ರೋಟೀನಿನ ತುಣುಕನ್ನು ಗುರುತಿಸುವ ಟಿ ಕೋಶವೂ ಇಲ್ಲಿ ಸಹಾಯಕ್ಕೆ ಆಗುತ್ತದೆ. ಸಹಾಯ ಸಿಕ್ಕ ಬಿ ಕೋಶಗಳಲ್ಲಿ ಕೆಲವು ಕೂಡಲೇ ಐಜಿಎಂ ಬಗೆಯ ಪ್ರತಿಕಾಯ ಸುರಿಸತೊಡಗುತ್ತವೆ. ಉಳಿದವು ಗ್ರಂಥಿಯೊಳಗೆ ಜರ್ಮಿನಲ್ ಸೆಂಟರ್ ಎಂಬ ಗುಂಪು ಕಟ್ಟಿ, ಒಡೆಯುತ್ತಾ, ತಮ್ಮ ಪ್ರತಿಕಾಯದ ಜೀನಿನಲ್ಲಿ ಬೇಕೆಂದೇ ಸಣ್ಣಸಣ್ಣ ಬದಲಾವಣೆ ಮಾಡಿಕೊಳ್ಳುತ್ತವೆ. ಬದಲಾದ ಮೇಲೆ ಪ್ರತಿಜನಕವನ್ನು ಹೆಚ್ಚು ಬಿಗಿಯಾಗಿ ಹಿಡಿಯುವ ಕೋಶ ಉಳಿಯುತ್ತದೆ, ಸಡಿಲವಾಗಿ ಹಿಡಿಯುವುದು ಸಾಯುತ್ತದೆ. ಇಲ್ಲಿಂದ ಬರುವುದು ಐಜಿಜಿ ಬಗೆಯ ಪ್ರತಿಕಾಯ. ಅದು ಐಜಿಎಂನಂತೆ ಬಹುಪಾಲು ರಕ್ತದಲ್ಲೇ ಉಳಿಯದೆ ಅಂಗಾಂಶಗಳಿಗೂ ಇಳಿಯುತ್ತದೆ, ಸುಮಾರು ಮೂರು ವಾರ ಕಳೆದರೂ ಅರ್ಧ ಉಳಿದಿರುತ್ತದೆ.

3ನೇ ಮತ್ತು 7ನೇ ದಿನದ ಡೋಸುಗಳು ಇರುವುದು ಈ ಆಯ್ಕೆ ನಡೆಯುವಾಗ ಪ್ರತಿಜನಕ ಮುಗಿದುಹೋಗದಿರಲಿ ಎಂದು. ಕೊಂದ ವೈರಸ್ಸು ತಾನಾಗಿ ಹೆಚ್ಚುವುದಿಲ್ಲ, ಹೊರಗಿನಿಂದಲೇ ತುಂಬುತ್ತಿರಬೇಕು. 14ನೇ ದಿನದ ಹೊತ್ತಿಗೆ ಆರೋಗ್ಯವಂತರ ರಕ್ತದಲ್ಲಿ ಪ್ರತಿಕಾಯ ಪ್ರತಿ ಮಿಲಿಲೀಟರಿಗೆ 0.5 ಐಯು (ಅಂತರರಾಷ್ಟ್ರೀಯ ಯೂನಿಟ್) ದಾಟಿರುತ್ತದೆ. ಲಸಿಕೆ ಹಿಡಿದಿದೆ ಎನ್ನಲು ಒಪ್ಪಿರುವ ಮಟ್ಟ ಇದು. 28ನೇ ದಿನದ್ದು ಅದನ್ನು ಇನ್ನೂ ಏರಿಸಿ ಬಹುಕಾಲ ನಿಲ್ಲಿಸುತ್ತದೆ.

ಸೀರಮ್: ಹೆಚ್ಚು ತಪ್ಪಾಗುವ ಹೆಜ್ಜೆ

ಲಸಿಕೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಸಿಗುತ್ತದೆ. ಸೀರಮ್‌ಗೆ ಎಷ್ಟೋ ಸಲ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಹೋಗಬೇಕು. ಅಷ್ಟು ದೂರ ಯಾಕೆ, ಸೂಜಿ ಹಾಕಿಸಿಕೊಂಡೆನಲ್ಲ ಎಂದು ಬಹಳ ಮಂದಿ ಮನೆಗೆ ಹೊರಟುಬಿಡುತ್ತಾರೆ. ಮೂರನೇ ದರ್ಜೆಯ ಗಾಯಕ್ಕೆ ದಯವಿಟ್ಟು ಹಾಗೆ ಮಾಡಬೇಡಿ. ಮೇಲೆ ಹೇಳಿದ 7ರಿಂದ 14 ದಿನ ನಿಮ್ಮದೇ ಪ್ರತಿಕಾಯ ಇರುವುದಿಲ್ಲ. ಆಗ ಗಾಯದ ಜಾಗದಲ್ಲಿ ವೈರಸ್ಸನ್ನು ತಡೆಯುವುದು ಬೇರೆಯವರು ಮಾಡಿಟ್ಟ ಪ್ರತಿಕಾಯ ಮಾತ್ರ. ಸೀರಮ್ ಎಂದರೆ ಅದೇ.

ಕುದುರೆಯಿಂದ ತೆಗೆದದ್ದಾದರೆ ಪ್ರತಿ ಕೆಜಿ ತೂಕಕ್ಕೆ 40 ಐಯು, ಮನುಷ್ಯರದ್ದಾದರೆ 20 ಐಯು, ಇದು ಗರಿಷ್ಠ ಮಿತಿ. ಕುದುರೆಯದು ಸಾಮಾನ್ಯವಾಗಿ ಮಿಲಿಗೆ 300 ಐಯು, ಮನುಷ್ಯರದು 150 ಐಯು ಇರುತ್ತದೆ. ಆದ್ದರಿಂದ 60 ಕೆಜಿಯವರಿಗೆ ಯಾವುದಾದರೂ 8 ಮಿಲಿ, 15 ಕೆಜಿಯ ಮಗುವಿಗೆ 2 ಮಿಲಿ. ಬಾಟಲಿಯ ಮೇಲಿನ ಅಂಕಿ ಬೇರೆ ಇದ್ದರೆ ಲೆಕ್ಕವೂ ಬೇರೆ, ಓದಿ ನೋಡಬೇಕು. ಇವಲ್ಲದೆ ಪ್ರಯೋಗಾಲಯದಲ್ಲಿ ತಯಾರಿಸಿದ ಮೊನೊಕ್ಲೋನಲ್ ಪ್ರತಿಕಾಯಗಳೂ ಬಂದಿವೆ. ಅವುಗಳ ಪ್ರಮಾಣ ಒಂದೊಂದಕ್ಕೆ ಒಂದೊಂದು.

ಸೀರಮ್ ಬೀಳಬೇಕಾದದ್ದು ಗಾಯದೊಳಗೆ ಮತ್ತು ಗಾಯದ ಅಂಚಿನ ಸುತ್ತ, ಪ್ರತಿ ಗಾಯಕ್ಕೂ. ಸೊಂಟಕ್ಕೆ ಒಂದು ಇಂಜೆಕ್ಷನ್ ಹೊಡೆದು ಕಳಿಸಿದರೆ ಅದು ಮೈಯೆಲ್ಲ ಹರಡಿ ತೆಳುವಾಗುತ್ತದೆ, ವೈರಸ್ ಇರುವ ಜಾಗಕ್ಕೆ ಬೇಕಾದಷ್ಟು ಮುಟ್ಟುವುದಿಲ್ಲ. ಶಿಮ್ಲಾದಲ್ಲಿ ಡಾ. ಓಮೇಶ್ ಭಾರತಿ ಗಾಯಕ್ಕೆ ಮಾತ್ರ ಸೀರಮ್ ಹಾಕಿ, ಉಳಿದದ್ದನ್ನು ಬೇರೆ ರೋಗಿಗಳಿಗೆ ಬಳಸುವ ವಿಧಾನವನ್ನು ನಡೆಸಿ ತೋರಿಸಿದರು. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಇದನ್ನು ಒಪ್ಪಿತು, 2019ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಸೀರಮ್ ಕೊರತೆಯಿರುವ ನಮ್ಮಂಥ ದೇಶದಲ್ಲಿ ಇದರಿಂದ ಉಳಿದ ಜೀವಗಳು ಸಣ್ಣ ಮಾತಲ್ಲ.

ಮಗುವಿನ ಮೈಮೇಲೆ ಎಂಟು ಗಾಯ, ಕೈಯಲ್ಲಿರುವುದು 2 ಮಿಲಿ ಎಂದಾದರೆ ಪ್ರಮಾಣ ಹೆಚ್ಚಿಸುವಂತಿಲ್ಲ. ಸ್ಟರೈಲ್ ನಾರ್ಮಲ್ ಸಲೈನ್ ಬೆರೆಸಿ ಎರಡು ಮೂರು ಪಟ್ಟು ಮಾಡಿಕೊಂಡು ಎಲ್ಲ ಗಾಯಗಳಿಗೂ ಹಂಚಬೇಕು. ಬೆರಳ ತುದಿ, ಮೂಗು, ಕಿವಿಗಳಲ್ಲಿ ಜಾಗ ಕಡಿಮೆ. ಚರ್ಮ ಬಿಳಿಚಿಕೊಳ್ಳುವಷ್ಟು ಒತ್ತಿ ತುಂಬಿದರೆ ರಕ್ತಸಂಚಾರ ನಿಂತು ಬೆರಳೇ ಕೆಡಬಹುದು, ಹಿಡಿಸಿದಷ್ಟೇ ಹಾಕಬೇಕು. ಹೆಚ್ಚು ಹಾಕಿದರೆ ಹೆಚ್ಚು ರಕ್ಷಣೆ ಎಂಬುದೂ ತಪ್ಪು. ಹೊರಗಿನ ಪ್ರತಿಕಾಯ ಅತಿಯಾದರೆ ಅದು ಲಸಿಕೆಯ ಜಿ ಪ್ರೋಟೀನನ್ನೂ ಮುಚ್ಚಿಬಿಡುತ್ತದೆ, ಬಿ ಕೋಶಕ್ಕೆ ಹಿಡಿಯಲು ಏನೂ ಉಳಿಯುವುದಿಲ್ಲ. ಸೀರಮ್ ಮತ್ತು ಲಸಿಕೆಯನ್ನು ಒಂದೇ ಸಿರಿಂಜಿನಲ್ಲಿ, ಒಂದೇ ಜಾಗದಲ್ಲಿ ಹಾಕಬಾರದು ಎನ್ನುವುದೂ ಇದಕ್ಕೇ. ಬಲತೋಳಿಗೆ ಕಚ್ಚಿದ್ದರೆ ಸೀರಮ್ ಆ ಗಾಯಕ್ಕೆ, ಲಸಿಕೆ ಬೇರೆ ಜಾಗಕ್ಕೆ.

ಮೊದಲ ದಿನ ಸೀರಮ್ ಸಿಗಲಿಲ್ಲವೇ? ಲಸಿಕೆ ನಿಲ್ಲಿಸಬೇಡಿ, ಶುರುಮಾಡಿ. ಸೀರಮ್ಮನ್ನು ಲಸಿಕೆಯ ಮೊದಲ ಡೋಸಿನಿಂದ 7 ದಿನದೊಳಗೆ ಹಾಕಿಸಬಹುದು. ಆ ಗಡಿ ದಾಟಿದರೆ ಬೇಡ, ನಿಮ್ಮದೇ ಪ್ರತಿಕಾಯ ಆಗಲೇ ಬರತೊಡಗಿರುತ್ತದೆ. ಕಚ್ಚಿ ತಿಂಗಳಾದ ಮೇಲೆ ಮೊದಲ ಸಲ ಬಂದವರಿಗೆ ಲೆಕ್ಕ ಶುರುವಾಗುವುದು ಕಚ್ಚಿದ ದಿನದಿಂದಲ್ಲ, ಲಸಿಕೆಯ ಮೊದಲ ದಿನದಿಂದ. ಅವರಿಗೂ ಸೀರಮ್ ಬೇಕು.

ಕುದುರೆ ಸೀರಮ್ ಹಾಕುವಲ್ಲಿ, ತೀವ್ರ ಅಲರ್ಜಿಯಾದರೆ ಕೊಡಲು ಅಡ್ರಿನಲಿನ್ ಸಿರಿಂಜಿನಲ್ಲಿ ಸಿದ್ಧವಿರಬೇಕು, ಹಾಕಿದ ಮೇಲೆ ಕನಿಷ್ಠ ಅರ್ಧ ಗಂಟೆ ಅಲ್ಲೇ ಕೂರಬೇಕು. ಚರ್ಮದ ಮೇಲಿನ ಪರೀಕ್ಷೆ ಮುಂದಾಗುವ ಅಲರ್ಜಿಯನ್ನು ನಂಬುವಂತೆ ಹೇಳಲಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಕೈಬಿಟ್ಟಿದೆ. ಒಂದೆರಡು ವಾರದ ನಂತರ ಜ್ವರ, ಕೀಲುನೋವು, ಮೈಮೇಲೆ ಗಂಧೆ ಬಂದರೆ ಡಾಕ್ಟರಿಗೆ ತೋರಿಸಿ. ಅದು ಸೀರಮ್ ಕಾಯಿಲೆ ಇರಬಹುದು: ಕುದುರೆಯ ಪ್ರೋಟೀನನ್ನೇ ದೇಹ ಪ್ರತಿಜನಕವೆಂದು ಗುರುತಿಸಿ ಅದಕ್ಕೂ ಪ್ರತಿಕಾಯ ಮಾಡಿದಾಗ ಬರುತ್ತದೆ, ಸಾಮಾನ್ಯವಾಗಿ ಚಿಕಿತ್ಸೆಗೆ ಬಗ್ಗುತ್ತದೆ. ಆ ಪ್ರತಿಕಾಯಕ್ಕೂ ಒಂದೆರಡು ವಾರವೇ ಬೇಕಾಯಿತು ಎನ್ನುವುದನ್ನು ಗಮನಿಸಿ.

ಲಸಿಕೆ ಎಲ್ಲಿ, ಎಷ್ಟು, ಯಾವಾಗ

ಸರಕಾರಿ ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಚರ್ಮದೊಳಗೆ ಹಾಕುತ್ತಾರೆ: ಎರಡೂ ತೋಳಿಗೆ 0.1 ಮಿಲಿಯಂತೆ, 0, 3, 7 ಮತ್ತು 28ನೇ ದಿನ. ಮೊದಲ ಡೋಸ್ ಬಿದ್ದ ದಿನವೇ 0. ಸ್ನಾಯುವಿಗಾದರೆ ಒಂದು ಸಲಕ್ಕೆ ಇಡೀ ಒಂದು ವಯಲ್, 0, 3, 7, 14, 28ನೇ ದಿನ, ಒಟ್ಟು ಐದು. ಎರಡೂ ಸಮಾನವಾಗಿ ಕಾಪಾಡುತ್ತವೆ. ಚರ್ಮದಲ್ಲಿ ಡೆಂಡ್ರಿಟಿಕ್ ಕೋಶಗಳು ದಟ್ಟವಾಗಿರುವುದರಿಂದ ಅಷ್ಟು ಕಡಿಮೆ ಲಸಿಕೆ ಸಾಕಾಗುತ್ತದೆ. ಬೆಂಗಳೂರಿನ ಕೆಂಪೇಗೌಡ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ಮತ್ತು ನಿಮ್ಹಾನ್ಸ್‌ನಲ್ಲಿ ಈ ವಿಧಾನದ ಮೇಲೆ ಕೆಲಸ ನಡೆದಿದೆ. ಭಾರತದಲ್ಲಿ 2006ರಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿತು. ಬಡವರ ಕೈಗೆ ಒಳ್ಳೆಯ ಲಸಿಕೆ ಎಟುಕಿದ್ದು ಇದರಿಂದ.

ಚರ್ಮದೊಳಗಿನ ಸೂಜಿಗೆ ಕೈ ಪಳಗಿರಬೇಕು. ಇನ್ಸುಲಿನ್ ಸಿರಿಂಜಿನಂಥ ತೆಳು ಸೂಜಿ, ಚರ್ಮಕ್ಕೆ ಹೆಚ್ಚುಕಡಿಮೆ ಮಲಗಿಸಿದಂತೆ ಹಿಡಿದು ಮೇಲ್ಪದರದಲ್ಲೇ ತೂರಿಸಬೇಕು. ಸರಿಯಾಗಿ ಬಿದ್ದರೆ ತಳ್ಳುವಾಗ ಸ್ವಲ್ಪ ತಡೆ ಸಿಗುತ್ತದೆ, ಕಿತ್ತಳೆ ಸಿಪ್ಪೆಯ ಹಾಗೆ ಸಣ್ಣ ಕುಳಿಗಳಿರುವ ಬೊಬ್ಬೆ ಏಳುತ್ತದೆ. ಬೊಬ್ಬೆ ಏಳದಿದ್ದರೆ ಲಸಿಕೆ ಕೊಬ್ಬಿಗೆ ಇಳಿದಿದೆ. ಸ್ವಲ್ಪ ಪಕ್ಕದಲ್ಲಿ ಅದೇ ಪ್ರಮಾಣವನ್ನು ಇನ್ನೊಮ್ಮೆ ಹಾಕಬೇಕು. ನಿಮ್ಮ ತೋಳನ್ನು ನೀವೇ ನೋಡಿಕೊಳ್ಳಿ, ಬೊಬ್ಬೆ ಏಳದಿದ್ದರೆ ಸಿಸ್ಟರಿಗೆ ವಿನಯದಿಂದಲೇ ಹೇಳಿ. ಕಲಸಿದ ವಯಲನ್ನು 2ರಿಂದ 8 ಡಿಗ್ರಿಯಲ್ಲಿಟ್ಟು 6ರಿಂದ 8 ಗಂಟೆಯೊಳಗೆ ಮುಗಿಸಬೇಕು, ಉಳಿದದ್ದನ್ನು ನಾಳೆಗೆ ಇಡುವಂತಿಲ್ಲ.

ಪಿರ್ರೆಗೆ ಈ ಲಸಿಕೆ ಹಾಕಿಸಿಕೊಳ್ಳಲೇಬಾರದು. ಅಲ್ಲಿ ಕೊಬ್ಬು ಹೆಚ್ಚು, ಪ್ರತಿಜನಕ ಗ್ರಂಥಿಗೆ ಸರಿಯಾಗಿ ತಲುಪುವುದಿಲ್ಲ, ಪ್ರತಿಕಾಯ ಕಡಿಮೆ ಬರುತ್ತದೆ. ದೊಡ್ಡವರಿಗೆ ಭುಜದ ಕೆಳಗಿನ ಸ್ನಾಯು, ಕೂಸುಗಳಿಗೆ ತೊಡೆಯ ಮುಂಭಾಗದ ಹೊರಬದಿ.

ಹೊಕ್ಕುಳ ಸುತ್ತ 14 ಸೂಜಿ ಎಂಬ ಭಯ ಹಳ್ಳಿಗಳಲ್ಲಿ ಇನ್ನೂ ಇದೆ. ಅದು ಕುರಿಯ ಮಿದುಳಿನಿಂದ ಮಾಡುತ್ತಿದ್ದ ಹಳೆಯ ಲಸಿಕೆ. 1911ರಲ್ಲಿ ಕಸೌಲಿಯಲ್ಲಿ ಡೇವಿಡ್ ಸೆಂಪಲ್ ರೂಪಿಸಿದ್ದು. ಅದರಲ್ಲಿ ವೈರಸ್ಸಿನ ಜತೆ ನರದ ಹೊದಿಕೆಯಾದ ಮಯಲಿನ್ ಕೂಡ ಇರುತ್ತಿತ್ತು. ಕೆಲವರ ಟಿ ಕೋಶಗಳು ಕುರಿಯ ಮಯಲಿನ್ನನ್ನು ಪ್ರತಿಜನಕವೆಂದು ಗುರುತಿಸಿ, ಅದನ್ನೇ ಹೋಲುವ ತಮ್ಮ ಸ್ವಂತ ಮಯಲಿನ್ ಮೇಲೂ ಎರಗುತ್ತಿದ್ದವು, ಪಾರ್ಶ್ವವಾಯು ಆಗುತ್ತಿತ್ತು. ಭಾರತ ಅದನ್ನು 2004ರ ಕೊನೆಗೆ ಪೂರ್ತಿ ನಿಲ್ಲಿಸಿತು. ಈಗಿನ ಲಸಿಕೆಯಲ್ಲಿ ನರದ ಅಂಗಾಂಶ ಇಲ್ಲ.

ನಡುವೆ ಬರುವ ಪ್ರಶ್ನೆಗಳು

ಡೋಸ್ ತಪ್ಪಿದರೆ ನೆನಪಾದ ದಿನವೇ ಹೋಗಿ ಹಾಕಿಸಿಕೊಳ್ಳಿ, ಅಲ್ಲಿಂದ ಮುಂದುವರಿಸಿ, ಮೊದಲಿನಿಂದ ಶುರುಮಾಡಬೇಕಿಲ್ಲ. ಆದರೆ ಮೊದಲ ವಾರದ ಮೂರು ಡೋಸುಗಳಲ್ಲಿ ಸಡಿಲ ಬೇಡ. ಊರು ಬದಲಾಗಿ ಬೇರೆ ಕಂಪನಿಯ ಲಸಿಕೆ ಸಿಕ್ಕರೂ ನಿಲ್ಲಿಸಬೇಡಿ, ಜಿ ಪ್ರೋಟೀನು ಅದೇ.

ನಾಯಿಯನ್ನು 10 ದಿನ ನೋಡಿ ಆಮೇಲೆ ಲಸಿಕೆ ಎಂಬ ಸಲಹೆ ಅಪಾಯಕಾರಿ. ಲಸಿಕೆ ಶುರುಮಾಡಿಯೇ ನೋಡಬೇಕು. 10 ದಿನ ಕಳೆದೂ ನಾಯಿ ಆರೋಗ್ಯವಾಗಿದ್ದರೆ ಉಳಿದ ಡೋಸುಗಳನ್ನು ಡಾಕ್ಟರು ಬದಲಿಸಬಹುದು. ಈ 10 ದಿನದ ಲೆಕ್ಕ ನಾಯಿ ಮತ್ತು ಬೆಕ್ಕಿಗೆ ಮಾತ್ರ. ಕೋತಿ, ನರಿ, ಮುಂಗುಸಿ, ಹಸುವಿಗೆ ಅಲ್ಲ. ನಾಯಿಗೆ ಲಸಿಕೆ ಹಾಕಿಸಿದ್ದೇವೆ ಎಂಬ ಮಾಲೀಕರ ಮಾತನ್ನೇ ನಂಬಿ ಸುಮ್ಮನಿರಬೇಡಿ.

ಬಸುರಿಯರು, ಬಾಣಂತಿಯರು, ಕೂಸುಗಳು, ಯಾರಿಗೂ ಈ ಚಿಕಿತ್ಸೆ ನಿಷಿದ್ಧವಲ್ಲ. ಪಥ್ಯ ಬೇಕಿಲ್ಲ, ಮಾಂಸ, ಮೊಟ್ಟೆ ಎಲ್ಲ ತಿನ್ನಬಹುದು. ಸ್ಟೀರಾಯ್ಡ್, ಕ್ಯಾನ್ಸರ್ ಔಷಧಿ, ಅಂಗ ಕಸಿಯ ನಂತರದ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಎಚ್‌ಐವಿ ಇದ್ದರೆ ಮಾತ್ರ ಮೊದಲೇ ಹೇಳಿ. ಇವರಲ್ಲಿ ಟಿ ಕೋಶಗಳು ಸರಿಯಾಗಿ ಹೆಚ್ಚುವುದಿಲ್ಲ, ಟಿ ಕೋಶದ ಸಹಾಯವಿಲ್ಲದೆ ಬಿ ಕೋಶ ಐಜಿಜಿಗೆ ತಿರುಗುವುದಿಲ್ಲ. ಅದಕ್ಕೆ ಇವರಿಗೆ ಎರಡನೇ ದರ್ಜೆಯ ಗಾಯಕ್ಕೂ ಸೀರಮ್ ಕೊಟ್ಟು, ಸ್ನಾಯುವಿಗೆ ಐದೂ ಡೋಸ್ ಹಾಕಿ, ಆಮೇಲೆ ರಕ್ತದಲ್ಲಿ ಪ್ರತಿಕಾಯದ ಮಟ್ಟ ಅಳೆಯುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಪರೀಕ್ಷೆಯ ವ್ಯವಸ್ಥೆ ಇದೆ. ಉಳಿದವರಿಗೆ ಪರೀಕ್ಷೆ ಬೇಕಿಲ್ಲ.

ಮತ್ತೊಮ್ಮೆ ಕಚ್ಚಿದರೆ

ಪೂರ್ತಿ ಡೋಸ್ ಮುಗಿಸಿದವರ ದುಗ್ಧಗ್ರಂಥಿಗಳಲ್ಲೂ ರಕ್ತದಲ್ಲೂ ಸ್ಮೃತಿ ಬಿ ಕೋಶಗಳು ಉಳಿದಿರುತ್ತವೆ. ಲಕ್ಷದಲ್ಲಿ ಒಂದನ್ನು ಹುಡುಕುವ ಕೆಲಸ ಒಮ್ಮೆ ಮುಗಿದಿದೆ, ಆಯ್ಕೆಯಾಗಿ ಪಳಗಿದ ಕೋಶಗಳು ಸಾಕಷ್ಟು ಸಂಖ್ಯೆಯಲ್ಲಿವೆ. ಪ್ರತಿಜನಕ ಮತ್ತೆ ಕಂಡ ಕೆಲವೇ ದಿನಗಳಲ್ಲಿ ಅವು ಪ್ಲಾಸ್ಮಾ ಕೋಶಗಳಾಗಿ, ಒಂದೊಂದೂ ಸೆಕೆಂಡಿಗೆ ಸಾವಿರಾರು ಪ್ರತಿಕಾಯ ಅಣುಗಳನ್ನು ಸುರಿಸುತ್ತವೆ. ಹಾಗಾಗಿ ಇವರಿಗೆ ಎರಡೇ ದಿನ, 0 ಮತ್ತು 3. ಚರ್ಮದೊಳಗಾದರೆ ಒಂದೇ ತೋಳಿಗೆ 0.1 ಮಿಲಿ, ಸ್ನಾಯುವಿಗಾದರೆ ಒಂದು ವಯಲ್. ಸೀರಮ್ ಬೇಡವೇ ಬೇಡ, ಎಷ್ಟೇ ದೊಡ್ಡ ಗಾಯವಿರಲಿ. 15 ನಿಮಿಷ ತೊಳೆಯುವುದು ಮಾತ್ರ ಆಗಲೂ ಬೇಕು.

ಇದನ್ನು ತೀರ್ಮಾನಿಸಲು ಡಾಕ್ಟರಿಗೆ ದಾಖಲೆ ಬೇಕು. ಡೋಸುಗಳ ದಿನಾಂಕವಿರುವ ಚೀಟಿಯ ಫೋಟೊ ತೆಗೆದು ಮನೆಯ ಇಬ್ಬರ ಮೊಬೈಲಿನಲ್ಲಾದರೂ ಇಡಿ. ಚೀಟಿ ಕಳೆದು, ಹಿಂದೆ ಎಷ್ಟು ಡೋಸ್ ಆಗಿತ್ತು ಎಂದು ಖಚಿತವಾಗಿ ಹೇಳಲು ಆಗದಿದ್ದರೆ ಲಸಿಕೆಯನ್ನೇ ಕಾಣದವರೆಂದು ಎಣಿಸಿ ಸೀರಮ್ ಸಮೇತ ಪೂರ್ತಿ ಚಿಕಿತ್ಸೆ ಕೊಡುತ್ತಾರೆ, ಅದೇ ಸರಿ. ಪಶುವೈದ್ಯರು, ನಾಯಿ ಹಿಡಿಯುವ ಸಿಬ್ಬಂದಿ, ಪ್ರಾಣಿ ರಕ್ಷಣಾ ಕೇಂದ್ರಗಳಲ್ಲಿ ದುಡಿಯುವವರು ಕಚ್ಚಿಸಿಕೊಳ್ಳುವ ಮೊದಲೇ 0, 7 ಮತ್ತು 21 ಅಥವಾ 28ನೇ ದಿನ ಮೂರು ಡೋಸ್ ಹಾಕಿಸಿಕೊಂಡರೆ ಇದೇ ಸ್ಮೃತಿ ಕೋಶಗಳು ಸಿದ್ಧವಾಗಿರುತ್ತವೆ, ಕಚ್ಚಿದಾಗ ಅವರಿಗೂ ಎರಡೇ ಡೋಸ್ ಸಾಕು.